ಅವನ ಕಣ್ಣಿಗೆ ತಿರುಗಿಸಿದ ತಿರುಪು

"ನಿಮ್ಮ ಕಂಪನಿ ಕ್ಯಾಮೆರಾಕ್ಕೆ ಮನುಷ್ಯರ ಕಣ್ಣು ಕಂಡರೆ ಆಗೋದೇ ಇಲ್ವಾ?"

ಕೌಂಟರಿನ ಆಚೆಯಿಂದ ಬಂದ ಮಾತು, ಒಳಕೋಣೆಯಲ್ಲಿ ಲೆನ್ಸ್ ಬಿಚ್ಚಿಕೊಂಡು ಕೂತಿದ್ದ ಅವಳ ಕಿವಿಗೂ ಬಿತ್ತು. ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿದರು. "ಸ್ವಲ್ಪ ಹೊರಗೆ ಬನ್ನಿ. ಆ ಸ್ಟುಡಿಯೋದವರು ಮತ್ತೆ ಬಂದಿದ್ದಾರೆ. ಅವರ ಹತ್ತಿರ ಮಾತಾಡೋದು ನನ್ನ ಕೈಲಾಗಲ್ಲ."

ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅವಳು ರಿಪೇರಿ ಕೆಲಸಕ್ಕೆ ಸೇರಿ ಹದಿನೈದು ವರ್ಷವಾಗಿತ್ತು. ಬರುವವರೆಲ್ಲ ದುಬಾರಿ ಕ್ಯಾಮೆರಾದವರು. ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದಂತೆ ಎದೆಗವಚಿಕೊಂಡು ಬರುತ್ತಾರೆ, ಬಿಟ್ಟು ಹೋಗುವಾಗ ನಾಲ್ಕು ಸಲ ಹಿಂತಿರುಗಿ ನೋಡುತ್ತಾರೆ. ಅವಳಿಗೆ ಇದೆಲ್ಲ ಹೊಸದಲ್ಲ. ಕೈ ಒರೆಸಿಕೊಂಡು ಹೊರಗೆ ಬಂದಳು.

ನಲವತ್ತು ದಾಟಿದ, ನೀಳ ಕೈಗಳ ಮನುಷ್ಯ. ಒಂದು ಚಿತ್ರವನ್ನು ಕೌಂಟರಿನ ಮೇಲಿಟ್ಟ. ಮಗುವಿನ ಮುಖ. ಕಣ್ಣು ಮಸುಕು, ಕಿವಿ ಮಾತ್ರ ಕೆತ್ತಿದಂತೆ ಸ್ಪಷ್ಟ.

"ಹೋದ ಸಲ ಎರಡು ತಿಂಗಳು ಇಟ್ಟುಕೊಂಡಿರಿ. ಫೋನ್ ಮಾಡಿದಾಗಲೆಲ್ಲ 'ನಿಮ್ಮ ಕರೆ ನಮಗೆ ಅಮೂಲ್ಯ' ಅಂತ ಹೇಳಿ ಒಂದೇ ಹಾಡು ಕೇಳಿಸಿದಿರಿ. ಹಾಡು ಬಾಯಿಪಾಠ ಆಯ್ತು. ಕ್ಯಾಮೆರಾ ಸರಿಹೋಗಲಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

"ನಗಿ, ನಗಿ. ಆ ನಗುನೂ ಮಸುಕಾಗೇ ಬರುತ್ತೆ, ನೋಡ್ತಾ ಇರಿ" ಎಂದು ಅವನು ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆದೇಬಿಟ್ಟ. ಪರದೆಯನ್ನು ಅವಳತ್ತ ತಿರುಗಿಸಿದ. "ನೋಡಿ ಡಾಕ್ಟರಮ್ಮ. ಓಲೆ ಎಷ್ಟು ಲಕ್ಷಣವಾಗಿ ಬಂದಿದೆ! ಓಲೆ ಹಾಕಿಕೊಂಡವರೇ ನಾಪತ್ತೆ."

ಡಾಕ್ಟರಮ್ಮ. ಹದಿನೈದು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

ಆ ಕ್ಯಾಮೆರಾದಲ್ಲಿ ತಾನಾಗಿ ಫೋಕಸ್ ಆಗುವ ಸೌಕರ್ಯವಿಲ್ಲ. ಸಣ್ಣ ಕಿಂಡಿಯಲ್ಲಿ ನೋಡಿದರೆ ಎದುರಿನ ಮುಖ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಆ ಎರಡು ಬಿಂಬಗಳು ಹತ್ತಿರ ಬಂದು, ಒಂದರ ಮೇಲೊಂದು ಕೂತು, ಒಂದೇ ಆಗುತ್ತವೆ. ಒಂದಾದ ಕ್ಷಣವೇ ಫೋಕಸ್. ಒಳಗಿನ ಒಂದು ತಿರುಪು ಕೂದಲೆಳೆಯಷ್ಟು ಜರುಗಿದರೂ ಕಣ್ಣಿನ ಬದಲು ಕಿವಿ ಸಿಗುತ್ತದೆ.

ಅವಳು ಎರಡು ದಿನ ಪರೀಕ್ಷೆ ಮಾಡಿದಳು. ತಿರುಪು ಜರುಗಿರಲಿಲ್ಲ. ಅವಳು ತೆಗೆದ ಚಿತ್ರಗಳೆಲ್ಲ ಹಾಲಿನಲ್ಲಿ ತೊಳೆದಂತೆ ಸ್ವಚ್ಛವಾಗಿದ್ದವು.

ಅವನು ಮತ್ತೆ ಬಂದ, ಬಂದರೆ ಬುಧವಾರವೇ. ಮತ್ತೆ ಜಗಳ, ಮತ್ತೆ ನಗು, ಮತ್ತೆ ಅವಳದೇ ಒಂದು ಚಿತ್ರ. ಮನೆಯಲ್ಲಿ ಅಕ್ಕ ಕೇಳಿದಳು, "ಏನೇ ಪುಟ್ಟಿ, ಬುಧವಾರ ಬಂದರೆ ಕನ್ನಡಿ ಮುಂದಿಂದ ಏಳೋದೇ ಇಲ್ವಲ್ಲ? ಕ್ಯಾಮೆರಾ ರಿಪೇರಿಗೆ ಜಡೆ ಯಾಕೆ ಇಷ್ಟು ನೀಟಾಗಿರಬೇಕು?"

"ಸುಮ್ನಿರಕ್ಕ. ಗಿರಾಕಿಗಳು ಬರ್ತಾರೆ."

"ಗಿರಾಕಿಗಳೋ, ಗಿರಾಕಿಯೋ?"

ಅವಳು ತಟ್ಟೆಯ ಕಡೆ ಮುಖ ಬಗ್ಗಿಸಿದಳು. ಅವಳಿಗೆ ಮೂವತ್ತೆಂಟು. ಸಂಬಂಧ ನೋಡುವವರು ನೋಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಮೂರನೆಯ ಸಲ ಕ್ಯಾಮೆರಾ ಬೆಂಚಿನ ಮೇಲೆ ಬಂದಾಗ ಅವಳ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಆ ಕಿಂಡಿಗೆ ದೃಷ್ಟಿದೋಷವಿರುವವರು ಸಣ್ಣದೊಂದು ಗಾಜನ್ನು ಸಿಕ್ಕಿಸಿಕೊಳ್ಳುತ್ತಾರೆ. ಮೊದಲ ಸಲ ಅವನ ಕ್ಯಾಮೆರಾದಲ್ಲಿದ್ದದ್ದು ತೆಳುವಾದ ಗಾಜು. ಎರಡನೆಯ ಸಲ ಅದಕ್ಕಿಂತ ದಪ್ಪದ್ದು. ಈಗ ಅಂಗಡಿಯಲ್ಲಿ ಸಿಗುವ ಗಾಜುಗಳಲ್ಲೇ ಎಲ್ಲಕ್ಕಿಂತ ದಪ್ಪದ್ದು. ಎಂಟು ತಿಂಗಳಲ್ಲಿ ಮೂರು ಗಾಜು.

ಕ್ಯಾಮೆರಾ ಸರಿಯಾಗಿಯೇ ಇತ್ತು. ಹೋಗುತ್ತಿದ್ದದ್ದು ಅವನು ಕಿಂಡಿಗೆ ಹಚ್ಚುವ ಬಲಗಣ್ಣು.

"ದೋಷ ಕಂಡುಬಂದಿಲ್ಲ ಅಂತ ಮೂರನೇ ಸಲ ಬರೆದರೆ ಕೇಸ್ ಮುಚ್ಚಬೇಕು. ಇನ್ನು ತೆಗೆದುಕೊಳ್ಳೋದಿಲ್ಲ ಅಂತ ಪತ್ರ ಕಳಿಸೋದು ನಿಯಮ" ಎಂದರು ಮ್ಯಾನೇಜರು.

ಬುಧವಾರ ಅವನು ಬಂದ. ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವನೇ ಹೇಳಿದ, "ಡಾಕ್ಟರಮ್ಮ, ಇನ್ನು ಆರು ತಿಂಗಳಿಗೆ ನನ್ನ ಚಿತ್ರಗಳ ಪ್ರದರ್ಶನ. ನಲವತ್ತು ಮುಖ ತೆಗೀಬೇಕು. ಇಪ್ಪತ್ತು ವರ್ಷದಿಂದ ಕಾದಿದ್ದೀನಿ. ಹೇಗಾದರೂ ಮಾಡಿ ಇದನ್ನ ಬದುಕಿಸಿ."

ಮಾತು ನಾಲಿಗೆಯಿಂದ ಹಿಂದೆ ಸರಿಯಿತು.

ಅವನಿಗೆ ನೋವಾಗಬಾರದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಕ್ಯಾಮೆರಾದಲ್ಲಿ ದೋಷವಿಲ್ಲವೆಂದರೆ ಅವನು ಇನ್ನು ಬರುವುದಿಲ್ಲ ಎಂಬುದು ಉಳಿದರ್ಧ.

"ಒಳಗೆ ಬನ್ನಿ. ಈ ಅಳತೆಯ ಚಾರ್ಟಿಗೆ ಹತ್ತು ಸಲ ಫೋಕಸ್ ಮಾಡಿ" ಎಂದಳು.

ಅವನು ಮಾಡಿದ. ಹತ್ತೂ ಸಲ ಫೋಕಸ್ ನಾಲ್ಕು ಬೆರಳಿನಷ್ಟು ಹಿಂದೆ ಬಿತ್ತು. ಅವನ ಕಣ್ಣು ತಪ್ಪುತ್ತಿತ್ತು, ಆದರೆ ಒಂದೇ ಅಳತೆಯಲ್ಲಿ ತಪ್ಪುತ್ತಿತ್ತು. ಅವಳು ಅಳತೆ ಬರೆದುಕೊಂಡಳು. ಅವನು ಹೋದ ಮೇಲೆ ಮುಚ್ಚಳ ಬಿಚ್ಚಿ, ಉಸಿರು ಬಿಗಿಹಿಡಿದು, ಸರಿಯಾಗಿದ್ದ ತಿರುಪನ್ನು ಅವನ ತಪ್ಪಿಗೆ ತಕ್ಕಂತೆ ತಿರುಗಿಸಿದಳು. ಹದಿನೈದು ವರ್ಷದ ಕೆಲಸದಲ್ಲಿ ಅಂಥ ನಾಜೂಕಿನ ಕೆಲಸವನ್ನು ಅವಳು ಮಾಡಿರಲಿಲ್ಲ. ರಿಪೇರಿ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ "ಫೋಕಸ್ ಸರಿಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದಳು.

ಮರುವಾರ ಅವನು ಕೌಂಟರಿನಿಂದಲೇ ಅವಳ ಚಿತ್ರ ತೆಗೆದ. ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದ. "ಬಂತು" ಎಂದ.

"ಏನು ಬಂತು?"

"ಕಣ್ಣು. ನಿಮ್ಮ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."

"ಅಷ್ಟು ಹತ್ತಿರದಿಂದ ಯಾರು ನೋಡಿ ಅಂದರು ನಿಮಗೆ?"

"ರಿಪೇರಿ ಮಾಡಿದವರೇ" ಎಂದು ಅವನು ನಕ್ಕ. ಅವಳು ಜಾಬ್ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಓದುತ್ತ ನಿಂತಳು.

ಮುಂದಿನ ಆರು ತಿಂಗಳು ಅವಳ ಪಾಲಿಗೆ ದೇವರು ಕೊಟ್ಟ ಕಾಲವೆಂದೇ ಅವಳು ತಿಳಿದಳು. ಕೆಲಸವಿಲ್ಲದಿದ್ದರೂ ಅವನು ಬರುತ್ತಿದ್ದ. "ಧೂಳು ಕೂತಿದೆಯೇನೋ ನೋಡಿ" ಎನ್ನುತ್ತಿದ್ದ. ಇಲ್ಲದ ಧೂಳನ್ನು ಅವಳು ಅರ್ಧ ಗಂಟೆ ಊದುತ್ತಿದ್ದಳು. ಪ್ರದರ್ಶನದ ದಿನ ಅಕ್ಕನನ್ನು ಕರೆದುಕೊಂಡು ಹೋದಳು. ನಲವತ್ತು ಮುಖಗಳು, ಎಂಬತ್ತು ಕಣ್ಣುಗಳು, ಒಂದೊಂದರಲ್ಲೂ ಜೀವ. ಜನರ ನಡುವಿನಿಂದ ಅವನು ಬಂದು ಮೆಲ್ಲಗೆ ಹೇಳಿದ, "ಗಲಾಟೆ ಮುಗೀಲಿ. ನಿಮ್ಮನ್ನ ಒಂದು ಮಾತು ಕೇಳೋದಿದೆ."

ಅಕ್ಕ ಅವಳ ಕೈ ಹಿಸುಕಿದಳು.

ಆಮೇಲೆ ಐದು ವಾರ ಅವನ ಸುಳಿವಿಲ್ಲ.

ಬಂದಾಗ ಅವನ ಜೊತೆ ಅವನ ಅಣ್ಣನ ಮಗಳಿದ್ದಳು. ಮೆಟ್ಟಿಲು ಬಂದಾಗ ಆ ಹುಡುಗಿ ಅವನ ಮೊಣಕೈ ಹಿಡಿದಳು. ಕೌಂಟರಿನಲ್ಲಿದ್ದ ಅವಳು ಅದನ್ನು ಬಾಗಿಲ ಗಾಜಿನಿಂದಲೇ ನೋಡಿದಳು. ನೋಡಿದ ತಕ್ಷಣ ಎಲ್ಲ ತಿಳಿಯಿತು.

"ತಪ್ಪಾಯ್ತು ಡಾಕ್ಟರಮ್ಮ" ಎಂದ ಅವನು ಕೂರುತ್ತ. "ಪಾಪದ ಕ್ಯಾಮೆರಾನ ಸುಮ್ನೆ ಬೈದೆ. ಕಣ್ಣಿನ ಹಿಂದಿನ ಪರದೆ ಊದಿಕೊಂಡಿದೆಯಂತೆ. ಬಲಗಣ್ಣು ಹೋಯ್ತು. ನಡುವೆ ಬರೀ ಕಪ್ಪು. ಎಡದ್ದಕ್ಕೆ ಇಂಜೆಕ್ಷನ್ ಕೊಡ್ತಾ ಇದ್ದಾರೆ."

ಅವಳು ಅವನ ಎದುರಿನ ಕುರ್ಚಿ ಎಳೆದುಕೊಂಡಳು.

"ಆರು ತಿಂಗಳ ಹಿಂದೆ ಬಂದಿದ್ದರೆ ಉಳಿಸಬಹುದಿತ್ತು ಅಂದರು. ನಂಗೆ ಹೇಗೆ ಗೊತ್ತಾಗಬೇಕು? ಚಿತ್ರ ಎಲ್ಲ ಚೆನ್ನಾಗೇ ಬರ್ತಿತ್ತಲ್ಲ. ಕಣ್ಣಿನ ಮೇಲೆ ಅನುಮಾನ ಬರೋಕೆ ಕಾರಣವೇ ಇರಲಿಲ್ಲ." ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. "ಇದನ್ನ ಇವಳಿಗೆ ಕೊಟ್ಟಿದ್ದೀನಿ. ಇವಳ ಕೈಯಲ್ಲಿ ಸರಿಯಾಗಿ ಬರ್ತಿಲ್ಲ ನೋಡಿ."

"ಎಲ್ಲ ಮುಖದ ಮುಂದೆ ಫೋಕಸ್ ಆಗುತ್ತೆ ಮೇಡಂ. ಚಿಕ್ಕಪ್ಪನಿಗೆ ಮಾತ್ರ ಹೇಗೆ ಬರ್ತಿತ್ತೋ!" ಎಂದಳು ಆಕೆ.

ಒಂದು ಸುಳ್ಳು ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಕೆಳಗೆ ಬಿತ್ತೇನೋ ಎಂದಿದ್ದರೆ ಇಬ್ಬರೂ ನಂಬುತ್ತಿದ್ದರು. ಆದರೆ ಅವಳು ಮೇಜಿನ ಅಂಚನ್ನು ಹಿಡಿದುಕೊಂಡು, ಮೂರು ಗಾಜುಗಳಿಂದ ಮೊದಲು ಮಾಡಿ ತಿರುಪಿನವರೆಗೂ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ನೀವು ಬರೋದು ನಿಂತುಹೋಗುತ್ತೆ ಅಂತ ಹೆದರಿದೆ" ಎಂದಳು.

ಅಣ್ಣನ ಮಗಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು.

ಅವನು ತನ್ನ ನೀಳ ಬೆರಳುಗಳನ್ನೇ ನೋಡುತ್ತ ಕೂತಿದ್ದ. "ಆ ನಲವತ್ತು ಮುಖ ನಿಮ್ಮಿಂದಲೇ ಬಂದದ್ದು" ಎಂದ. "ಕಣ್ಣು ಹೋದದ್ದೂ..." ಎಂದು ನಿಲ್ಲಿಸಿದ. "ಸಿಟ್ಟು ಮಾಡಬೇಕು ಅನಿಸುತ್ತೆ. ಆಗ್ತಿಲ್ಲ. ಕ್ಷಮಿಸಿದೆ ಅನ್ನೋಣ ಅಂದರೆ ಅದೂ ಆಗ್ತಿಲ್ಲ."

"ಅವತ್ತು ಏನೋ ಕೇಳಬೇಕು ಅಂದಿದ್ದಿರಿ" ಎಂದಳು ಅವಳು. ಕೇಳಬಾರದಿತ್ತೆಂದು ಕೇಳಿದ ಮೇಲೆ ಅನ್ನಿಸಿತು.

"ನಿಮಗೆ ಗೊತ್ತಿತ್ತಲ್ಲ ಏನು ಅಂತ?"

"ಗೊತ್ತಿತ್ತು."

"ಹೂಂ ಅಂತಿದ್ದಿರಾ?"

"ಕೇಳೋದಕ್ಕೆ ಮೊದಲೇ."

ಅವನು ತಲೆಯಾಡಿಸಿದ. "ಈಗ ಕೇಳಿದರೂ ಹೂಂ ಅಂತೀರಿ. ಆದರೆ ಅದು ಪ್ರೀತಿಗೋ, ಈ ಕಣ್ಣಿಗೋ, ನಂಗೆ ಯಾವತ್ತೂ ಗೊತ್ತಾಗಲ್ಲ. ನಿಮಗೂ ಗೊತ್ತಾಗಲ್ಲ, ಡಾಕ್ಟರಮ್ಮ. ದಿನಾ ಬೆಳಗಾದರೆ ನನ್ನ ಮುಖ ನೋಡಿ ನೀವು ತಪ್ಪೊಪ್ಪಿಕೊಳ್ಳೋದು ನಂಗೆ ಬೇಡ."

ಪ್ರೀತಿಗೇ ಎಂದು ಹೇಳುವ ಹಕ್ಕು ಇನ್ನು ತನಗಿಲ್ಲವೆಂದು ಅವಳು ತಿಳಿದಳು.

"ಇದನ್ನ ಸರಿ ಮಾಡಿಕೊಡಿ. ಚೆನ್ನಾಗಿರೋ ಕಣ್ಣಿಗೆ. ಇಲ್ಲೇ ಕೂತಿರ್ತೀನಿ" ಎಂದ.

ಅವಳು ಒಳಗೆ ಹೋಗಿ ದೀಪ ಹಾಕಿದಳು. ಮುಚ್ಚಳ ತೆಗೆದಳು. ಆ ತಿರುಪು ಸಿಕ್ಕಿತು. ಅದನ್ನು ಮೊದಲಿದ್ದ ಗುರುತಿಗೆ ತಿರುಗಿಸಿದಳು. ಇಪ್ಪತ್ತು ನಿಮಿಷದ ಕೆಲಸ.

ಅಣ್ಣನ ಮಗಳು ಪರೀಕ್ಷೆಗೆಂದು ಚಿಕ್ಕಪ್ಪನದೇ ಒಂದು ಚಿತ್ರ ತೆಗೆದಳು. "ಈಗ ಸರಿಯಾಗಿದೆ ಚಿಕ್ಕಪ್ಪ" ಎಂದಳು. ಅವನು ಪರದೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ನೋಡಿ, "ಹೌದಾ? ಒಳ್ಳೇದಾಯ್ತು" ಎಂದ. ಕೌಂಟರಿನ ಮೇಲೆ ಒಂದು ಕ್ಷಣ ಕೈಯಿಟ್ಟ. ಅವಳ ಕೈ ಅಲ್ಲಿಂದ ಗೇಣು ದೂರದಲ್ಲಿತ್ತು. ಅವನಿಗೆ ಅದು ಕಾಣಿಸಿತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಮೆಟ್ಟಿಲಿಳಿಯುವಾಗ ಅವನು ಪ್ರತಿ ಹೆಜ್ಜೆಯನ್ನೂ ಕಾಲಿನಿಂದ ತಡಕಿ ಇಡುತ್ತಿದ್ದ. ಕೈ ಹಿಡಿಯಲು ಓಡಿಹೋಗಬೇಕೆನಿಸಿತು. ಅವಳು ಹೋಗಲಿಲ್ಲ.

ಸಂಜೆ ದೇವರ ಮುಂದೆ ಬಹಳ ಹೊತ್ತು ಕೂತಳು. ಅಕ್ಕ ಎರಡು ಸಲ ಊಟಕ್ಕೆ ಕರೆದು ಬಾಗಿಲಲ್ಲಿ ನಿಂತು ನೋಡಿ ಹಿಂದೆ ಹೋದಳು. ಕ್ಷಮಿಸು ಎಂದು ಕೇಳಲು ಅವಳಿಗೆ ಮುಖವಿರಲಿಲ್ಲ. ಅವನನ್ನು ಕೊಡು ಎಂದು ಕೇಳುವ ಕಾಲ ಮುಗಿದಿತ್ತು. ಕೈ ಮುಗಿದು, ತನಗೆಂದು ಏನನ್ನೂ ಸೇರಿಸದೆ, ಅವನ ಎಡಗಣ್ಣು ಉಳಿಯಲಿ ಎಂದಷ್ಟೇ ಕೇಳಿಕೊಂಡಳು.