ಯಾರ ಐದು ಗಂಟೆ?

"ನಿನ್ನೆ ಐದಕ್ಕೆ ಬೇಲಿ ಹತ್ತಿರ ಬನ್ನಿ ಅಂದವರು ನೀವೇ. ಕೈಕೊಟ್ಟವರೂ ನೀವೇ!"

ಹಾಗೆಂದ ಟೈಲರ್ ಹುಡುಗಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಓರೆಗಣ್ಣು ಮಾತ್ರ ಬಾಗಿಲಲ್ಲಿ ನಿಂತ ವಾಚ್ ರಿಪೇರಿಯವನ ಸಡಿಲ ಗುಂಡಿಯ ಮೇಲಿತ್ತು.

"ನಮ್ಮ ಐದಕ್ಕೆ ಸರಿಯಾಗಿ ಬಂದೆ. ಅಮ್ಮನ ಔಷಧಿಗೆ ಹೊತ್ತಾಯ್ತು ಅಂತ ಹೊರಟೆ."

"ನಾನೂ ನಮ್ಮ ಐದಕ್ಕೇ ಬಂದೆ!"

ಇಬ್ಬರೂ ಪೆಚ್ಚಾದರು. ಆಮೇಲೆ ನಗು ತಡೆಯಲಾಗಲಿಲ್ಲ.

ಒಂದು ಕಾಲಕ್ಕೆ ಇದು ಒಂದೇ ಊರು. ಊರನ್ನು ಕಾಣದವರು ನಕ್ಷೆಯ ಮೇಲೆ ಗೆರೆ ಎಳೆದರು. ಬಾವಿ ಆಚೆ ದೇಶಕ್ಕೆ ಹೋಯಿತು, ರಾಟೆಯ ಕಂಬ ಈಚೆ ಉಳಿಯಿತು. ಪೇಟೆ ಬೀದಿಯ ನಡುವೆ ತಂತಿಬೇಲಿ ಬಂತು. ಆಚೆಯ ಗಡಿಯಾರ ಅರ್ಧ ಗಂಟೆ ಮುಂದೆ. ಹೊತ್ತು ಹೇಳಿದರೆ 'ಯಾರದು?' ಎಂದು ಕೇಳಬೇಕೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಪ್ರೀತಿಯಲ್ಲಿ ಇವರಿಬ್ಬರೂ ಮರೆತಿದ್ದರು.

ಸಂತೆಯ ದಿನ ಪಾಸ್ ಇದ್ದವರು ಗೇಟು ದಾಟಬಹುದು; ಇವತ್ತು ಅವನು ಆಚೆಯಿಂದ ಹಾಗೇ ಬಂದಿದ್ದ. ಮದುವೆಯಾಗಿ ದಾಟಿದವರು ಮಾತ್ರ ಮರಳುವಂತಿಲ್ಲ. ಅವಳ ಸೋದರತ್ತೆ ಹಾಗೆ ಹೋದವಳು, ಈಗಲೂ ಬೇಲಿಯಾಚೆಯಿಂದ ಕೈಬೀಸುತ್ತಾಳೆ.

"ಮದುವೆ ವಿಷಯ ಕೇಳಿದ್ದೆ. ಉತ್ತರ?"

"ಮಗಳೇ, ಸೂಜಿಗೆ ದಾರ ಹಾಕ್ಕೊಡೇ," ಒಳಗಿನಿಂದ ಅಪ್ಪನ ದನಿ. ಅವರ ಕಣ್ಣು ಈಚೆಗೆ ತೀರಾ ಮಂಜು.

ಹಾಕಿಕೊಟ್ಟು ಬಂದಳು. "ಕೇಳಿಸ್ತಲ್ಲ? ನಾನು ಹೋದ್ರೆ ಅಪ್ಪನಿಗೆ ಯಾರು?"

"ನಾನು ಈಚೆ ಬಂದ್ರೆ ಹಾಸಿಗೆ ಹಿಡಿದ ಅಮ್ಮನಿಗೆ ಯಾರು?"

"ಇಬ್ಬರೂ ಬೋನಲ್ಲಿದ್ದೀವಿ."

"ಒಂದೇ ಬೋನಾಗಿದ್ರೆ ಎಷ್ಟು ಚೆನ್ನಾಗಿತ್ತು!"

ಅವಳು ನಕ್ಕಳು, ಕಣ್ಣು ತುಂಬಿತು. "ಅಲುಗಾಡಬೇಡಿ, ಚುಚ್ಚುತ್ತೆ," ಎಂದು ಅವನ ಗುಂಡಿ ಹೊಲಿದು, ಎದೆಯ ಹತ್ತಿರ ಬಾಗಿ ಹಲ್ಲಿನಿಂದ ದಾರ ಕಡಿದಳು. ಅವನು ಉಸಿರಾಡಲಿಲ್ಲ.

ಆಮೇಲೆ ಅವಳ ಮಣಿಕಟ್ಟು ಹಿಡಿದು ವಾಚನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿದ. ತನ್ನದನ್ನು ಕಾಲು ಗಂಟೆ ಹಿಂದಕ್ಕೆ.

"ಏನಿದು? ಇದು ಆಚೆಯದೂ ಅಲ್ಲ, ಈಚೆಯದೂ ಅಲ್ಲ."

"ಗಡಿ ಯಾರದಾದ್ರೇನು? ಗಡಿಯಾರ ನಮ್ಮ ಕೈಲಿದೆ."

ಗೇಟು ಮುಚ್ಚುವ ಸೈರನ್ ಕೂಗಿತು. ಅವನು ಓಡಿದ. ಅವಳೂ ಅಳತೆ ಟೇಪು ಕೊರಳಲ್ಲೇ ಬಿಟ್ಟು ಹಿಂದೆ ಓಡಿದಳು. ಕಾವಲುಗಾರ ಅವಳ ಮುಂದೆ ಸರಳು ಎಳೆದ.

"ಉತ್ತರ ಹೇಳಲೇ ಇಲ್ಲ!" ಆಚೆಯಿಂದ ಅವನು ಕೂಗಿದ.

ಅವಳು ತಂತಿಯಲ್ಲಿ ಬೆರಳು ಸಿಕ್ಕಿಸಿ ನಿಂತಳು. "ನಾಳೆ ಐದಕ್ಕೆ ಬಾ."

ಮೊದಲ ಸಲ ಏಕವಚನ. ಅವನ ಮುಖ ಅರಳಿತು. "ಯಾರ ಐದಕ್ಕೆ?"

"ನಮ್ಮ ಐದಕ್ಕೆ."