ತಿರುಗಿ ನಿಂತ ಬೂಟುಗಳು

ಪೆಟ್ಟಿಗೆ ಖಾಲಿ!

ಸ್ಪೇನಿನ ಕಪ್ತಾನ ಬಾಲ್ತಸಾರ್ ಛತ್ರದ ಬಚ್ಚಲಿಂದ ಬಂದವನು ಒದ್ದೆ ಗಡ್ಡದಲ್ಲೇ ಬೊಬ್ಬೆ ಹೊಡೆದ. ಜಪಾನಿನ ದೊರೆ ಶೋಗುನ್‌ಗೆಂದು ಸಾಗರ ದಾಟಿಸಿ ತಂದಿದ್ದ, ಬಂಡಿಗಾಲಿಯಷ್ಟು ದೊಡ್ಡ ಚೀಸ್ ಮಾಯವಾಗಿತ್ತು.

ಉರಾಗಾ ಬಂದರಿನ ಅಧಿಕಾರಿ ಕಾನ್‌ಬೆ ಓಡಿಬಂದ. ಸಂಜೆಗೆ ದೊರೆಯ ಮಂತ್ರಿ ಉಡುಗೊರೆ ನೋಡಲು ಬರುವವರಿದ್ದರು. ಅದು ಸಿಗದಿದ್ದರೆ ಕಪ್ತಾನ ಮುನಿದು ಹಡಗು ಬಿಡುತ್ತಾನೆ. ಸ್ಪೇನಿನವರ ಕೈಲಿರುವ ಮೆಕ್ಸಿಕೋ ಜೊತೆಗಿನ ವ್ಯಾಪಾರ ಹೋಗುತ್ತದೆ. ಅದರ ಹಿಂದೆಯೇ ಕಾನ್‌ಬೆಯ ತಲೆ. ಆ ತಲೆಯ ಮೇಲೆ ಅವನಿಗೆ ಬಹಳ ಮಮತೆ.

“ಆ ಡಚ್ಚನ ಕೆಲಸಾನೇ ಇದು!” ಕಪ್ತಾನ ಗುಡುಗಿದ. ಮನಿಲಾದಲ್ಲಿ ಕಲಿತ ಜಪಾನಿ ಭಾಷೆ ಸಿಟ್ಟಿನಲ್ಲಿ ಸರಾಗವಾಗಿ ಹರಿಯಿತು. “ನಮ್ಮ ವ್ಯಾಪಾರಕ್ಕೆ ಕಲ್ಲು ಹಾಕೋಕೆ ಕಾಯ್ತಿದ್ದ!”

ಕಾನ್‌ಬೆ ಹೊಸ್ತಿಲ ಬಳಿ ಬಗ್ಗಿದ. “ಬೂಟು ಹೀಗೇ ಬಿಟ್ಟು ಹೋಗಿದ್ರಾ?”

“ಒಂದು ಅಲ್ಲಿ, ಒಂದು ಇಲ್ಲಿ ಒದ್ದು ಹೋಗಿದ್ದೆ. ಚೀಸ್ ಹೋಯ್ತು ಅಂದ್ರೆ ನಿಮಗೆ ಬೂಟಿನ ಚಿಂತೆ!”

ಈಗ ಬೂಟುಗಳು ಜೋಡಿಯಾಗಿ, ಮೂತಿ ಹೊರಗೆ ಮಾಡಿ ನಿಂತಿದ್ದವು.

* * *

ಡಚ್ ವರ್ತಕ ಯೋರಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಕದಿಯೋಕೆ ಸ್ಪೇನಿನ ಚೀಸೇ ಬೇಕಿತ್ತಾ? ಥೂ!”

ಅವನು ತನ್ನ ಬಿಡಾರದಲ್ಲಿ ಕೆಸರು ಬೂಟಿನಲ್ಲೇ ಚಾಪೆ ತುಳಿಯುತ್ತಿದ್ದ. ಕಾನ್‌ಬೆ ಕಣ್ಣು ಮುಚ್ಚಿಕೊಂಡು ವಾಪಸಾದ.

* * *

ಛತ್ರದ ಒಡತಿ ಒತಾತ್ಸು ಚಹಾ ತಂದಳು. “ಬೆಳಗ್ಗಿಂದ ಆ ಕೋಣೆ ಕಡೆ ತಲೇನೂ ಹಾಕಿಲ್ಲ ಸ್ವಾಮಿ.”

“ನಿನ್ನ ತೋಳಲ್ಲಿ ಊದುಬತ್ತಿ ವಾಸನೆ. ಇವತ್ತು ಯಾರ ತಿಥಿ?”

“ನಮ್ಮ ಯಜಮಾನರದು.”

“ಉಪ್ಪು ಎಲ್ಲಿಟ್ಟೇ?” ಯಜಮಾನ ಅಡುಗೆಮನೆಯಿಂದ ಕೂಗಿದ.

ಕಾನ್‌ಬೆ ಚಹಾ ಕೆಳಗಿಟ್ಟ. “ಡಚ್ಚ ಬಂದಿದ್ರೆ ಬೂಟು ಮುಟ್ತಿರಲಿಲ್ಲ. ಅವನಿಗೆ ಚಾಪೆ, ಬೀದಿ ಎರಡೂ ಒಂದೇ. ಅತಿಥಿ ಹೊರಡೋವಾಗ ಸುಲಭ ಆಗ್ಲಿ ಅಂತ ಪಾದರಕ್ಷೆ ತಿರುಗಿಸಿಡೋದು ಈ ಮನೇಲಿ ನೀನೊಬ್ಬಳೇ. ಕದ್ದ ಮಾಲು ಉರುಳಿಸ್ಕೊಂಡು ಹೋಗುವಾಗ್ಲೂ ಅಭ್ಯಾಸ ಬಿಡಲಿಲ್ಲ ನೋಡು!”

ಒತಾತ್ಸು ಅತ್ತೇಬಿಟ್ಟಳು. “ಕದ್ದಿಲ್ಲ ಸ್ವಾಮಿ, ಸಂಸ್ಕಾರ ಮಾಡಿದೆ! ಏನೋ ಪ್ರಾಣಿ ಪೆಟ್ಟಿಗೇಲೇ ಸತ್ತು ಕೊಳೀತಿತ್ತು. ಅದು ನನ್ನ ಮನೆಯಿಂದ ದೊರೆ ಹತ್ರ ಹೋದ್ರೆ ನಮ್ಮ ಗತಿ ಏನು?”

ಹಿತ್ತಲಲ್ಲಿ ಹೊಸ ಮಣ್ಣಿನ ಗುಡ್ಡೆಯಿತ್ತು. ಮೇಲೊಂದು ಹೂವು, ಅನ್ನದ ಉಂಡೆ. ಕಪ್ತಾನ ಬರಿಗೈಯಲ್ಲಿ ಅಗೆದು ಚೀಸನ್ನು ಎತ್ತಿ ಮುದ್ದಿಟ್ಟ. ತಲೆ ಉಳಿಯಿತೆಂದು ಕಾನ್‌ಬೆ ಉಸಿರು ಎಳೆದುಕೊಂಡ. ಎಳೆದುಕೊಳ್ಳಬಾರದಿತ್ತು.

“ಮಂತ್ರಿಗಳ ಮುಂದೆ ಇದನ್ನ ತೆರೆಯೋದು ಯಾರು?” ಅವನ ಕಣ್ಣಲ್ಲಿ ನೀರು.

“ಬಂದರಿನ ಅಧಿಕಾರಿ,” ಎಂದ ಕಪ್ತಾನ ಹೆಮ್ಮೆಯಿಂದ. “ನೀವೇ!”

ಒತಾತ್ಸು ಮೂಗು ಮುಚ್ಚಿಕೊಂಡೇ ಉಳಿದ ಊದುಬತ್ತಿಗಳನ್ನು ಅವನ ಕೈಗಿತ್ತಳು.

“ಇಟ್ಕೊಳ್ಳಿ ಸ್ವಾಮಿ. ಹೂತಿದ್ದು ನಾನು, ಎಬ್ಬಿಸಿದ್ದು ನೀವು.”