ಸಂಬಂಧ ಇಲ್ಲದವರ ಸ್ಯಾಂಪಲ್

ಬಸವಪ್ರಸಾದನ ಮೇಲೆ ರೇಗಲು ಹೇಮಶ್ರೀಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಅವನು ಹೆಲ್ಮೆಟ್ಟನ್ನು ಒರೆಸಿ, ಮತ್ತೊಮ್ಮೆ ಒರೆಸಿ, ಆಮೇಲೆ ಅವಳ ಕೈಗೆ ಕೊಡುವುದೇ ಸಾಕಾಗುತ್ತಿತ್ತು. ಆದರೆ ಆ ಶನಿವಾರ ಬೆಳಿಗ್ಗೆ, ಹುಣಸೂರು ಬಸ್ ಸ್ಟ್ಯಾಂಡಿನ ಮುಂದೆ, ಕಾರಣ ನಿಜವಾಗಿಯೂ ದೊಡ್ಡದಿತ್ತು.

"ಪ್ರಸಾದ್, ಸಂಬಂಧಿಕರು ಬೇಡ, ಸಂಬಂಧಿಕರು ಬೇಡ ಅಂತ ಎಷ್ಟು ಬಡ್ಕೊಂಡಿದ್ದೆ ನಾನು?"

"ತುಂಬಾ ಬಡ್ಕೊಂಡಿದ್ರಿ ಮೇಡಂ."

"ಮತ್ತೆ ಈ ಇಬ್ಬರು? ರಕ್ತ ನೋಡಿದ್ರೆ ಒಡಹುಟ್ಟಿದವರು ಕಣ್ರೀ. ಅಕ್ಕಪಕ್ಕ ಕೂತು ರಕ್ತ ಕೊಟ್ಟಿದ್ದಾರೆ. ನೀವು ನೋಡಿದ್ರೆ ಸಂಬಂಧ ಇಲ್ಲ ಅಂತ ಬರ್ಕೊಂಡು ಬಂದಿದ್ದೀರಿ."

"ಇಬ್ಬರೂ ಹಂಗೇ ಹೇಳಿದ್ರು. ದೇವರಾಣೆ ಬೇರೆ ಇಟ್ರು."

ಹೇಮಶ್ರೀ ಮೈಸೂರಿನ ಲ್ಯಾಬೊಂದರಲ್ಲಿ ಸಂಶೋಧಕಿ. ಕ್ಯಾನ್ಸರ್ ಗಡ್ಡೆಯಲ್ಲಿ ಕೆಟ್ಟ ಪ್ರೋಟೀನಿನ ಚೂರುಗಳಿರುತ್ತವೆ. ಯಾವ ಚೂರನ್ನು ತೋರಿಸಿದರೆ ಆ ರೋಗಿಯ ದೇಹದ ಕಾವಲು ಕಣಗಳು ಎಚ್ಚೆತ್ತು ಗಡ್ಡೆಯ ಮೇಲೆ ಬೀಳುತ್ತವೆ ಎಂದು ಊಹಿಸಲು ಕಂಪ್ಯೂಟರಿಗೆ ಕಲಿಸುವುದು ಅವಳ ಕೆಲಸ. ಊಹೆ ಸರಿಯಾದರೆ ಆ ಒಬ್ಬರಿಗೆಂದೇ ಲಸಿಕೆ ಮಾಡಬಹುದು. ಆದರೆ ಕಂಪ್ಯೂಟರ್ ಕಲಿತದ್ದೆಲ್ಲ ದೂರದೇಶದವರ ರಕ್ತದಿಂದ. ಈ ಸೀಮೆಯವರ ವಿಷಯಕ್ಕೆ ಬಂದರೆ ತಡವರಿಸುತ್ತಿತ್ತು. ಅದಕ್ಕೇ ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಯ ಹತ್ತಿರ ಕ್ಯಾಂಪ್ ಹಾಕಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ರಕ್ತ ತರಲು ಪ್ರಸಾದನನ್ನು ಕಳಿಸಿದ್ದರು. ಸ್ಯಾಂಪಲ್ಲುಗಳ ಜವಾಬ್ದಾರಿ ಅವನದೇ.

ಈಗ ಕಂಪ್ಯೂಟರಿಗೆ ಕಲಿಸುವ ಸ್ಯಾಂಪಲ್ಲುಗಳ ಗುಂಪಿನಲ್ಲಿ ತಂಗಿ, ಕಲಿತದ್ದನ್ನು ಪರೀಕ್ಷಿಸುವ ಗುಂಪಿನಲ್ಲಿ ಅಣ್ಣ. ಇಂಥ ಜೋಡಿಗಳು ಇನ್ನೆಷ್ಟಿವೆಯೋ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನಂತೆ ಕಂಪ್ಯೂಟರ್ ಭರ್ಜರಿ ಅಂಕ ತೆಗೆದಿತ್ತು. ಆ ಖುಷಿಗೆ ಹೇಮಶ್ರೀ ಲ್ಯಾಬಿಗೆಲ್ಲ ಮೈಸೂರು ಪಾಕ್ ಹಂಚಿಯೂ ಆಗಿತ್ತು.

ಇದು ಹೇಳಿಕೊಳ್ಳಬಹುದಾದ ಸಿಟ್ಟು. ಹೇಳಿಕೊಳ್ಳಲಾಗದ್ದು ಬೇರೆಯಿತ್ತು. ಪ್ರಸಾದನಿಗೆ ಪುಣೆಯ ಒಂದು ತಂಡದಲ್ಲಿ ಕೆಲಸ ಸಿಕ್ಕಿದೆಯಂತೆ, ಸೋಮವಾರ ಒಪ್ಪಿಗೆ ತಿಳಿಸಬೇಕಂತೆ. ಅದನ್ನು ಹೇಳಿದವಳು ಪಕ್ಕದ ಟೇಬಲ್ಲಿನ ಪೂಜಾ, ಅವನಲ್ಲ. ಎರಡು ವರ್ಷ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅವಳಿಗಾಗಿ ಕಡಲೆಬೀಜ ಆರಿಸಿ ಕೊಟ್ಟವನು ಈ ಒಂದು ಮಾತು ಹೇಳಲಿಲ್ಲ. ಹೇಮಶ್ರೀಗೆ ಅವನು ಬೇಕಿತ್ತು. ಅವನೇ ಬಾಯಿ ಬಿಡಲಿ ಎಂದು ಕಾಯುತ್ತ, ಸಿಕ್ಕಿದ್ದಕ್ಕೆಲ್ಲ ರೇಗುತ್ತಿದ್ದಳು.

ಆ ಇಬ್ಬರನ್ನೂ ಮತ್ತೆ ಕೇಳಲು ಹೊರಟ ಬೈಕು ಊರು ದಾಟಿದ ಮೇಲೆ ಅವಳ ಕಣ್ಣು ಎಡಗಡೆಯ ಕನ್ನಡಿಗೆ ಬಿತ್ತು. ಅದರಲ್ಲಿ ರಸ್ತೆ ಇರಲಿಲ್ಲ, ಅವಳ ಮೂಗಿತ್ತು.

"ಕನ್ನಡಿ ಸರಿ ಮಾಡ್ಕೊಳ್ಳಿ."

"ಸರಿಯಾಗೇ ಇದೆ ಮೇಡಂ."

"ಅದರಲ್ಲಿ ಹಿಂದಿನ ಬಸ್ಸು ಕಾಣುತ್ತಾ?"

"ಬಸ್ಸಿಗಿಂತ ಅಪಾಯದ್ದು ಕಾಣುತ್ತೆ."

ಅವಳಿಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಈಗ್ಲೇ ತಿರುಗ್ಸಿ."

ಅವನು ತಕ್ಷಣ ಕನ್ನಡಿಯನ್ನು ರಸ್ತೆಗೆ ತಿರುಗಿಸಿದ. ಅಷ್ಟು ಬೇಗ ಮಾತು ಕೇಳುವ ಅಗತ್ಯವೇನಿತ್ತು ಎಂದು ಹೇಮಶ್ರೀ ಪಿರಿಯಾಪಟ್ಟಣ ಬರುವವರೆಗೂ ಮುಖ ಊದಿಸಿಕೊಂಡು ಕುಳಿತಳು.

ಮೊದಲು ಆ ಅಣ್ಣ, ನಂಜಣ್ಣನ ಮನೆ. ತಂಬಾಕು ಹದ ಮಾಡುವ ಬ್ಯಾರನ್ನಿನ ಮುಂದೆ ಸೌದೆ ಜೋಡಿಸುತ್ತಿದ್ದ ಅವರು ಪ್ರಶ್ನೆ ಮುಗಿಯಲೂ ಬಿಡಲಿಲ್ಲ.

"ಅಣ್ಣನೂ ಇಲ್ಲ, ತಂಗಿನೂ ಇಲ್ಲ. ಅವತ್ತೇ ಹೇಳಿವ್ನಿ. ರಕ್ತ ಬೇಕಾದ್ರೆ ಇನ್ನೊಂದ್ ದಪ ತಕ್ಕೊಂಡೋಗಿ. ಸಂಬಂಧದ ಮಾತು ಬ್ಯಾಡ."

ಹೊರಗೆ ಬಂದು ಹೇಮಶ್ರೀ ಹಣೆ ಒತ್ತಿಕೊಂಡಳು. "ನೋಡಿದ್ರಾ ಮುಖ? ಇದು ಮಾತು ಬಿಟ್ಟ ಜಗಳ. ಅಂಥೋರನ್ನ ಒಂದೇ ಬೆಂಚಲ್ಲಿ ಕೂರಿಸಿ ಇಬ್ಬರ ಕಿವಿಗೂ ಬೀಳೋ ಹಾಗೆ ಸಂಬಂಧ ಕೇಳಿದ್ರೆ ಇನ್ನೇನು ಹೇಳ್ತಾರೆ? ನೀವು ಈ ಕಡೆಯೋರೇ ತಾನೇ?"

"ಕೆ.ಆರ್. ನಗರದೋನು ಮೇಡಂ. ಅಲ್ಲಿನ ಜಗಳ ಪೂರ್ತಿ ಗೊತ್ತು. ಈ ಊರಿಂದು ಗೊತ್ತಿರ್ಲಿಲ್ಲ."

"ಸುಳ್ಳು ಹೇಳದೇ ಇರೋ ಯಂತ್ರದ ಜೊತೆ ಬದುಕೋಣ ಅಂತ ಈ ಕೆಲಸಕ್ಕೆ ಬಂದೋಳು ನಾನು."

"ಯಂತ್ರ ಬೈಯೋದಿಲ್ಲ ಅಲ್ವಾ, ಬೇಜಾರು," ಎಂದ ಅವನು. ಅವಳು ಕೆಕ್ಕರಿಸಿ ನೋಡಿದಳು.

ಗುರುಶಾಂತಮ್ಮನ ಮನೆ ಊರಿನ ಇನ್ನೊಂದು ತುದಿಯಲ್ಲಿ. ಅವರು ಕಾಫಿ ಕೊಟ್ಟು, ಜಗುಲಿಯ ಮೇಲೆ ಕಾಲು ಚಾಚಿ ಕುಳಿತು, ತಾವೇ ಮೊದಲು ಕೇಳಿದರು.

"ಈಯಪ್ಪ ನಿಂಗೆ ಏನಾಗ್ಬೇಕವ್ವ?"

"ಏನೂ ಇಲ್ಲ. ಆಫೀಸಲ್ಲಿ ಜೊತೆಗೆ ಕೆಲಸ, ಅಷ್ಟೇ," ಎಂದಳು ಹೇಮಶ್ರೀ ತಟ್ಟನೆ.

ಪ್ರಸಾದನ ಲೋಟ ಬಾಯಿಯ ಹತ್ತಿರ ನಿಂತಿತು. ಅವನು ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ಹೇಮಶ್ರೀ ಅದನ್ನು ನೋಡಿದಳು, ನೋಡಬಾರದಿತ್ತು ಎಂದುಕೊಂಡಳು.

"ನಾನೂ ಕ್ಯಾಂಪಲ್ಲಿ ಅಂಗೇ ಅಂದಿದ್ದೆ," ಎಂದರು ಗುರುಶಾಂತಮ್ಮ. "ಯಾರೂ ಇಲ್ಲ ಅಂತ. ಅದುನ್ನೇ ಕೇಳಾಕೆ ಬಂದಿದ್ದೀರ ಅಲ್ವಾ?"

"ನಿಮ್ಮ ರಕ್ತ ಇನ್ನೊಬ್ಬರದಕ್ಕೆ ತುಂಬಾ ಹೊಂದುತ್ತೆ ಅಮ್ಮ. ಯಾರದು ಅಂತ ನಾವು ಹೇಳೋ ಹಾಗಿಲ್ಲ."

"ಏಳ್ಬ್ಯಾಡ ಬುಡು. ಪಕ್ಕದಲ್ಲೇ ಕೂತಿತ್ತಲ್ಲ, ಕೆಮ್ಕಂಡು." ಅವರು ಸೆರಗಿನಿಂದ ಲೋಟ ಒರೆಸಿದರು. "ನನ್ ಮಗಳ ಮದುವೆಗೆ ಬರ್ನಿಲ್ಲ ಕಣವ್ವ. ಸೋದರಮಾವ ಆದೋನು ಕೈ ಇಡಿದು ಎಣ್ಣನ್ನ ಮಂಟಪಕ್ಕೆ ಕರ್ಕಂಬರಬೇಕು. ಪಕ್ಕದ ಮನೆಯೋನು ಕರ್ಕಂಬಂದ. ಅವತ್ತಿಂದ ನಂಗೆ ಯಾರೂ ಇಲ್ಲ."

"ಯಾಕೆ ಬರಲಿಲ್ಲ ಅವರು?"

"ಲಗ್ನಪತ್ರಿಕೆ ಆಳು ಕೈಲಿ ಕಳಿಸಿದ್ದೆ. ನಾನೇ ಓಗಿ ಕರೀಬೇಕಿತ್ತು. ಒಡಹುಟ್ಟಿದೋನಲ್ವಾ, ಬಂದೇ ಬತ್ತಾನೆ ಅಂತ ಕೂತೆ. ತಂಗಿ ಅಲ್ವಾ, ಬಂದು ಕರೀತಾಳೆ ಅಂತ ಅವನೂ ಕೂತ." ಲೋಟ ಕೆಳಗಿಟ್ಟು ಹೇಳಿದರು: "ಮೊಮ್ಮಗಳು ಇಸ್ಕೂಲಿಗೆ ಓಯ್ತಾವ್ಳೆ. ಇನ್ನೂ ಕೂತೇ ಇದೀವಿ."

ಪ್ರಸಾದ್ ಮೆಲ್ಲಗೆ ವಿಷಯ ತಿಳಿಸಿದ. ಹೀಗೆ ಹೊಂದಿಕೆಯಾದ ಇಬ್ಬರಲ್ಲಿ ಒಬ್ಬರ ರಕ್ತವನ್ನು ಮಾತ್ರ ಇಟ್ಟುಕೊಳ್ಳಬಹುದು, ಇನ್ನೊಬ್ಬರದನ್ನು ಕೈಬಿಡಬೇಕು ಎಂದ.

"ನಂದು ತೆಗೀರಿ. ಅಣ್ಣಂದು ಇರ್ಲಿ," ಎಂದರು ಗುರುಶಾಂತಮ್ಮ. "ಅವನ್ನ ಬುಟ್ರೆ ಅದುಕ್ಕೂ ಮುನಿಸ್ಕಂಡು ಉಣ್ಣಾಕಿಲ್ಲ."

ಅಣ್ಣ ಎಂಬ ಮಾತು ಅವರ ಬಾಯಿಂದ ಬಂದದ್ದು ಅವರಿಗೇ ಗೊತ್ತಾದಂತಿರಲಿಲ್ಲ. ಎದ್ದು ಹೊರಡುವಾಗ ಹೇಮಶ್ರೀ ಕೇಳಿಯೇ ಬಿಟ್ಟಳು, "ಈಗಲಾದರೂ ಹೋಗಿ ಕರೀಬಹುದಲ್ಲಮ್ಮ?"

"ಓಗ್ಬೇಕು. ದಿನಾ ಬೆಳಗಾದ್ರೆ ಅಂದ್ಕತೀನಿ. ಇಷ್ಟ್ ವರ್ಸ ಆದ್ಮೇಲೆ ಕಾಲೇ ಬರಾಕಿಲ್ಲ ಕಣವ್ವ."

ಬೈಕು ಹುಣಸೇಮರದ ಕೆಳಗಿತ್ತು. ಪ್ರಸಾದ್ ಹೆಲ್ಮೆಟ್ಟನ್ನು ಒರೆಸಿದ. ಮತ್ತೊಮ್ಮೆ ಒರೆಸಿದ. ಹೇಮಶ್ರೀ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಪುಣೆ ವಿಷಯ ನನಗ್ಯಾಕೆ ಹೇಳಲಿಲ್ಲ?"

ಅವನು ತಲೆ ತಗ್ಗಿಸಿದ. "ಹೋಗಬೇಡ ಅಂತೀರೇನೋ ಅಂತ ಕಾಯ್ತಿದ್ದೆ."

"ನೀವು ಹೇಳದೆ ನಾನು ಹೇಗ್ರೀ ಅನ್ನಲಿ?"

"ಪೂಜಾ ಕೈಲಿ ಹೇಳಿಸಿದ್ನಲ್ಲ."

ಹೇಮಶ್ರೀಗೆ ಅವನನ್ನು ಹೆಲ್ಮೆಟ್ಟಿನಿಂದಲೇ ಬಾರಿಸಬೇಕು ಎನ್ನಿಸಿತು. ತಿರುಗಿ ಜಗುಲಿಯ ಕಡೆ ನೋಡಿದಳು. ಗುರುಶಾಂತಮ್ಮ ಇನ್ನೂ ಅಲ್ಲೇ ಕೂತಿದ್ದರು.

"ಆಳು ಕೈಲಿ ಲಗ್ನಪತ್ರಿಕೆ ಕಳಿಸಿದ ಹಾಗಾಯ್ತು," ಎಂದಳು. "ನಾನು ಯಾರ ಕೈಲೂ ಕಳಿಸ್ತಿಲ್ಲ ಪ್ರಸಾದ್. ನಾನೇ ಬಂದು ಕರೀತಿದ್ದೀನಿ. ಹೋಗಬೇಡಿ. ನೀವಿಲ್ಲದೆ ನನಗಾಗಲ್ಲ."

ಅವನು ತಲೆ ಎತ್ತಿದ. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಪುಣೆಯೋರಿಗೆ ಏನಂತ ಹೇಳ್ಲಿ ಹೇಮಾ?"

"ಇಲ್ಲೊಬ್ಬಳು ದಿನಾ ಬೈತಾಳೆ, ಅವಳನ್ನ ಬಿಟ್ಟು ಬರೋಕಾಗಲ್ಲ ಅಂತ ಹೇಳಿ. ಆಮೇಲೆ ಪ್ರತಿ ಮನೆಗೂ ಹೋಗಿ, ಒಬ್ಬೊಬ್ಬರನ್ನೇ ಬೇರೆ ಕೂರಿಸಿ, ಮೊದಲಿಂದ ಕೇಳಬೇಕು. ಅಷ್ಟೂ ಸ್ಯಾಂಪಲ್ಲು."

"ಅಷ್ಟೂನಾ?"

"ಅಷ್ಟೂ. ಜೊತೆಗೆ ನಾನೂ ಬರ್ತೀನಿ."

ಅವನು ಬೈಕ್ ಸ್ಟಾರ್ಟ್ ಮಾಡಿದ. ಹೇಮಶ್ರೀ ಹಿಂದೆ ಕೂರುವ ಮೊದಲು ಮುಂದಕ್ಕೆ ಬಂದು, ಎಡಗಡೆಯ ಕನ್ನಡಿಯನ್ನು ಹಿಡಿದು, ಅದರಲ್ಲಿ ತನ್ನ ಮೂಗು ಕಾಣುವ ಹಾಗೆ ತಿರುಗಿಸಿದಳು.